ಖಿಮಸರಾ ದಿದಿಯ ಒಂದು ನಿಮಿಷ

ಹಿಮಾಲಯದ ಗುಡ್ಡಗಳ ನಡುವಿನ ನಮ್ಮ ಸಿಮಲ್‌ಬೋಟ್ ಬಜಾರಿನಲ್ಲಿ ರಾಜಕಾರಣಿಗಳ ಬಾಯಿಯನ್ನು ಪೂರ್ತಿ ಒಂದು ನಿಮಿಷ ಮುಚ್ಚಿಸಿದ ಕೀರ್ತಿ ಇರುವುದು ಒಬ್ಬಳಿಗೇ, ರೇಡಿಯೋ ಘಾಮ್‌ಪಾನಿಯ ವರದಿಗಾರ್ತಿ ಖಿಮಸರಾ ಆಲೆಗೆ. ನಲವತ್ತಾರು ವರ್ಷ, ಗಿಡ್ಡ ಆಳು, ಏರುದಾರಿಯಲ್ಲಿ ಮೇಕೆಗಿಂತ ಚುರುಕು. ಹೆಗಲಿಗೆ ಒಂದು ಚೀಲ, ಕೊರಳಿಗೆ ಹೆಡ್‌ಫೋನು, ಕೈಯಲ್ಲಿ ಗಂಡನ ಹಳೆಯ ಕಾಲುಚೀಲ ತೊಡಿಸಿದ ಮೈಕು. ಗಾಳಿಯ ಸದ್ದು ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಅವಳಿಗೆ ಸಿಕ್ಕಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಎಲ್ಲ ಪಕ್ಷಗಳ ನಾಯಕರೂ ಆ ಕಾಲುಚೀಲಕ್ಕೆ ಮುಖವಿಟ್ಟು ದೇಶದ ಭವಿಷ್ಯದ ಬಗ್ಗೆ ಮಾತಾಡಿದ್ದಾರೆ. ಒಗೆದ ಕಾಲುಚೀಲ ಅಂತ ಅವಳು ಹೇಳುತ್ತಿದ್ದಳು, ಯಾರೂ ಪರೀಕ್ಷೆ ಮಾಡಿ ನೋಡಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಜಿಲ್ಲಾ ಕೇಂದ್ರದಲ್ಲಿ ಮೂರು ದಿನದ ತರಬೇತಿ ಆಗಿತ್ತು. ಬಂದವರು ಮೂವತ್ತು ಜನ. ಕಲಿಸಲು ಬಂದವನು ಎಷ್ಟೋ ವಿಷಯ ಹೇಳಿದ. ಎಲ್ಲೇ ಧ್ವನಿಮುದ್ರಣ ಮಾಡಿದರೂ ಕೊನೆಗೆ ಒಂದು ನಿಮಿಷ ಯಾರೂ ಮಾತಾಡದಂತೆ ನೋಡಿಕೊಂಡು ಆ ಜಾಗದ ಬರೀ ಸದ್ದನ್ನು ಹಿಡಿದುಕೊಳ್ಳಬೇಕು, ಆಮೇಲೆ ಮಾತು ಕತ್ತರಿಸಿ ಜೋಡಿಸುವಾಗ ತೇಪೆ ಹಾಕಲು ಅದು ಬೇಕಾಗುತ್ತದೆ ಅಂತಲೂ ಹೇಳಿದ. ಇಪ್ಪತ್ತೊಂಬತ್ತು ಜನ ಅದನ್ನು ಊಟದ ಹೊತ್ತಿಗೇ ಮರೆತರು. ಖಿಮಸರಾಗೆ ಆ ಮೂರು ದಿನಗಳಲ್ಲಿ ಅರ್ಥವಾದದ್ದು ಅದೊಂದೇ ಆದ್ದರಿಂದ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಅಂದಿನಿಂದ ಅವಳು ಹೋದಲ್ಲೆಲ್ಲ ಇದೇ ಕಾಟ. ಮಾತೆಲ್ಲ ಮುಗಿದ ಮೇಲೆ ಬಲಗೈ ಎತ್ತಿ, "ಒಂದ್ ನಿಮಿಷ, ಯಾರೂ ಉಸಿರೆತ್ತಬಾರ್ದು" ಅನ್ನುತ್ತಿದ್ದಳು. ಭೂಕುಸಿತ ಆದಲ್ಲಿ, ಶಾಲೆಯ ಮಾಡು ಹಾರಿದಲ್ಲಿ, ಔಷಧಿ ಬಾರದ ಆರೋಗ್ಯ ಚೌಕಿಯಲ್ಲಿ, ಎಲ್ಲ ಕಡೆಯೂ. ಒಮ್ಮೆ ಒಬ್ಬ ಸಂಸದನಿಗೆ ಆ ನಿಮಿಷದ ನಡುವೆ ಸೀನು ಬಂತು. "ಇನ್ನೊಂದ್ಸಲ ಮೊದ್ಲಿಂದ" ಅಂತ ಅವನನ್ನು ಮತ್ತೆ ಒಂದು ನಿಮಿಷ ಬಿಸಿಲಲ್ಲಿ ನಿಲ್ಲಿಸಿದಳು. ಪ್ರತಿಯೊಂದು ನಿಮಿಷಕ್ಕೂ ಊರು, ತಿಥಿ ಬರೆದು ಕಂಪ್ಯೂಟರಿನಲ್ಲಿ ಇಡುತ್ತಿದ್ದಳು. ಸ್ಟೇಷನ್ ಮ್ಯಾನೇಜರ್ ಪೋಷರಾಜ್ ಪೌಡ್ಯಾಲ, ಅಂಜುಬುರುಕನಾದರೂ ಒಳ್ಳೆಯ ಮನುಷ್ಯ, ಅದನ್ನು ನೋಡಿದಾಗೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದ.

"ಬೇರೆಯವ್ರು ಮಾತು ಕೂಡಿಡ್ತಾರೆ, ಹಾಡು ಕೂಡಿಡ್ತಾರೆ. ನೀನು ಏನೂ ಇಲ್ದಿರೋದನ್ನ ಕೂಡಿಡ್ತಿದ್ದೀಯಲ್ಲ ದಿದಿ! ಕಂಪ್ಯೂಟರ್ ತುಂಬಿ ಹೋಗಿದೆ."

"ಏನೂ ಇಲ್ದಿದ್ರೆ ಹೇಗೆ ತುಂಬ್ತು ಸರ್?" ಎಂದಳು ಖಿಮಸರಾ.

ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ಅವಳ ಕಾರ್ಯಕ್ರಮ, 'ಹೇಳಿ ಅಧ್ಯಕ್ಷರೇ'. ವಾರ್ಡುಗಳ ಅಧ್ಯಕ್ಷರನ್ನು ಒಬ್ಬೊಬ್ಬರಾಗಿ ಕರೆದು ಕೂರಿಸಿ, ಜನ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿಸುವುದು. ಬಜಾರಿನ ಚಹಾದಂಗಡಿಗಳಲ್ಲಿ ಆ ಹೊತ್ತಿಗೆ ಲೋಟದ ಸದ್ದೂ ಕಡಿಮೆಯಾಗುತ್ತಿತ್ತು. ಸಾವಿರ ಪ್ರಶ್ನೆ ಕೇಳಿ ಸಾವಿರ ಸುಳ್ಳು ಕೇಳಿಸಿಕೊಂಡರೂ ಅಧ್ಯಕ್ಷರನ್ನು ಹೆಸರು ಹಿಡಿದು ಕೇಳಿದೆವಲ್ಲ ಅನ್ನುವ ಸುಖ ಜನಕ್ಕೆ. ಪ್ರಜಾಪ್ರಭುತ್ವ ಅಂದರೆ ನಮ್ಮ ಊರಿಗೆ ತಲುಪಿದ್ದು ಅಷ್ಟೇ, ಅದನ್ನೂ ಬಿಡುವುದು ಯಾಕೆ?

ತೊಂದರೆ ಏನೆಂದರೆ ನಾಲ್ಕನೇ ವಾರ್ಡಿನ ಅಧ್ಯಕ್ಷ ಅವಳ ಒಡಹುಟ್ಟಿದ ತಮ್ಮ, ನರಜಂಗ್ ಆಲೆ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಇವಳಿಗೆ ಹನ್ನೊಂದು. ಅವನನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನಿಗೆ ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದಳು. ಅವನಿಗೆ ಮಾತು ತಡವಾಗಿ ಬಂತು, ಆಮೇಲೆ ನಿಲ್ಲಲೇ ಇಲ್ಲ. ಹೀಗೆ ಅವನು ಅಧ್ಯಕ್ಷನಾದ. ಎಲ್ಲಿದ್ದರೂ ತಿಹಾರ್ ಹಬ್ಬದ ಭಾಯಿಟೀಕಾ ದಿನ ಅಕ್ಕನ ಮನೆಗೆ ಬಂದು ಹಣೆಗೆ ಏಳು ಬಣ್ಣದ ಟೀಕಾ ಹಚ್ಚಿಸಿಕೊಳ್ಳದೆ ಇದ್ದವನಲ್ಲ. ತೂಗುಸೇತುವೆ ಕೊಚ್ಚಿಹೋದ ವರ್ಷ ಹಗ್ಗ ಹಿಡಿದು ಹೊಳೆ ದಾಟಿ, ಒದ್ದೆ ಟೋಪಿಯಲ್ಲಿ ಬಂದು ಕೂತಿದ್ದ. ಅಕ್ಕ ಟೀಕಾ ಹಚ್ಚಿ ಸುತ್ತಲೂ ಎಣ್ಣೆ ನೀರಿನ ಗೆರೆ ಎಳೆದರೆ ಯಮ ಆ ಗೆರೆ ದಾಟುವುದಿಲ್ಲ ಎಂದು ನಮ್ಮವರ ನಂಬಿಕೆ. ನರಜಂಗ್ ದೇವರನ್ನು ನಂಬದ ಪಕ್ಷದವನು, ಆದರೆ ಯಮನ ವಿಷಯದಲ್ಲಿ ಪಕ್ಷದ ನಿಲುವು ಏನೆಂದು ಅವನು ಯಾವತ್ತೂ ಕೇಳಲು ಹೋಗಿರಲಿಲ್ಲ.

ಈಗ ಘೋಷಣೆಯ ವಿಷಯ. ನಮ್ಮಲ್ಲಿ ಒಂದು ಕೆಲಸ ಮಾಡುವುದಕ್ಕಿಂತ ಆಯಿತು ಎಂದು ಘೋಷಿಸುವುದರಲ್ಲಿ ಹುರುಪು ಹೆಚ್ಚು. ನಾಲ್ಕನೇ ವಾರ್ಡಿನ ಬಾಗಿಲ ಫಲಕದಲ್ಲಿ ಆಗಲೇ ಮೂರು ಘೋಷಣೆಗಳಿದ್ದವು: ಪೂರ್ಣ ಸಾಕ್ಷರ ವಾರ್ಡು, ಪೂರ್ಣ ಶೌಚಾಲಯ ವಾರ್ಡು, ಹೊಗೆಯಿಲ್ಲದ ಒಲೆಯ ವಾರ್ಡು. ಗುಡ್ಡದ ತುದಿಯ ಆರನ್‌ಡಾಂಡಾದ ಸುನ್‌ಮತಿ ವಿಶ್ವಕರ್ಮ ಎಂಬ ಮುದುಕಿ ತಾನು ಸಾಕ್ಷರಳೆಂದು ಹೆಬ್ಬೆಟ್ಟೊತ್ತಿ ಒಪ್ಪಿಕೊಂಡಿದ್ದಳು. ಚುನಾವಣೆಗೆ ಎರಡು ತಿಂಗಳಿದ್ದಾಗ, ಚೈತ್ರದ ಉರಿಬಿಸಿಲಲ್ಲಿ, ನರಜಂಗ್ ನಾಲ್ಕನೆಯದಕ್ಕೆ ಕೈ ಹಾಕಿದ. 'ಮನೆಗೊಂದು ನಲ್ಲಿ ವಾರ್ಡು.'

ಸಮಾರಂಭ ಆರನ್‌ಡಾಂಡಾದಲ್ಲೇ. ಅಲ್ಲಿರುವುದು ಕಮ್ಮಾರರ ಹದಿಮೂರು ಮನೆ, ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ದೂರ. ಅಲ್ಲಿ ನೀರು ಬಂದರೆ ಕೆಳಗೆ ಬಂದೇ ಬರುತ್ತದೆ ಎಂದು ಯಾರಿಗಾದರೂ ತೋರುತ್ತದೆ, ಫೋಟೋಕ್ಕೂ ಹಿಂದೆ ಹಿಮಾಲಯ ಬೀಳುತ್ತದೆ. ನಗರಪಾಲಿಕೆಯ ಮೇಯರ್ ಕೂರಲೆಂದು ನಾಲ್ಕು ಜನ ಸೇರಿ ಸೋಫಾವನ್ನು ಗುಡ್ಡ ಹತ್ತಿಸಿದರು. ಖಿಮಸರಾ ಕಾಲುಚೀಲದ ಮೈಕು ಹಿಡಿದು ಹೋದಾಗ ನಿರೂಪಕ ಮೇಷ್ಟ್ರು ಒಬ್ಬೊಬ್ಬರನ್ನೇ ಹೆಸರು, ಹುದ್ದೆ, ಹಿಂದಿನ ಹುದ್ದೆ ಹೇಳಿ ವೇದಿಕೆಗೆ ಕರೆಯುತ್ತಿದ್ದ. ಅದಕ್ಕೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ವೇದಿಕೆಯ ಮೇಲೆ ಮೂವತ್ತೆರಡು ಜನ, ಕೆಳಗೆ ಕೇಳುವವರು ಇಪ್ಪತ್ತಾರು. ಹುತಾತ್ಮರಿಗೆ ಒಂದು ನಿಮಿಷ ಮೌನ, ರಾಷ್ಟ್ರಗೀತೆ, ಹಾರ, ಭಾಷಣ, ಮತ್ತೆ ಹಾರ ಎಲ್ಲ ಆದವು. ಮೇಯರ್ ನಲ್ಲಿ ತಿರುಗಿಸಿದರು. ನೀರು ಬಂತು. ಅವರು ಕೈ ತೊಳೆದರು, ಚಪ್ಪಾಳೆ ಬಿತ್ತು.

ಖಿಮಸರಾ ನಲ್ಲಿಯ ಪಕ್ಕದಲ್ಲೇ ತಮ್ಮನನ್ನು ನಿಲ್ಲಿಸಿಕೊಂಡಳು. ಹಿಂದೆ ನೀರಿನ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಎಷ್ಟು ಹೊತ್ತು ಬರುತ್ತೆ ನೀರು, ಅಧ್ಯಕ್ಷರೇ?"

"ಇಪ್ಪತ್ನಾಲ್ಕು ಗಂಟೆ! ಹಗಲು ರಾತ್ರಿ! ಇವತ್ತಿಂದ ಈ ವಾರ್ಡಲ್ಲಿ ಬಾಯಾರಿಕೆ ಅನ್ನೋದು ಇತಿಹಾಸ!" ಕೊರಳಲ್ಲಿ ಏಳು ಹಾರ ಬಿದ್ದಿದ್ದರಿಂದ ಅವನ ಗದ್ದ ಕಾಣುತ್ತಿರಲಿಲ್ಲ.

ಮಾತು ಮುಗಿಯಿತು. ಖಿಮಸರಾ ಅಭ್ಯಾಸದಂತೆ ಬಲಗೈ ಎತ್ತಿದಳು. "ಒಂದ್ ನಿಮಿಷ ಎಲ್ರೂ ಸುಮ್ನಿರಿ."

ನಿರೂಪಕ ಮೇಷ್ಟ್ರು ಇಪ್ಪತ್ತು ವರ್ಷಗಳಿಂದ ಸಮಾರಂಭಗಳನ್ನೇ ಉಂಡು ಬದುಕಿದವನು. ಒಂದು ನಿಮಿಷ ಸುಮ್ಮನಿರಿ ಎಂದದ್ದು ಕಿವಿಗೆ ಬಿದ್ದದ್ದೇ ತಡ, ಧ್ವನಿವರ್ಧಕಕ್ಕೆ ಬಾಯಿ ಹಾಕಿ, "ಅಮರ ಹುತಾತ್ಮರ ಸ್ಮರಣೆಯಲ್ಲಿ ಎಲ್ಲರೂ ಎದ್ದು ನಿಲ್ಲಬೇಕಾಗಿ ವಿನಂತಿ" ಎಂದುಬಿಟ್ಟ. ಹುತಾತ್ಮರಿಗೆ ಆಗಲೇ ಒಂದು ಸಲ ಆಗಿತ್ತಲ್ಲ ಎಂದು ಎಲ್ಲರಿಗೂ ಅನಿಸಿತು. ಆದರೆ ಹುತಾತ್ಮರಿಗೆ ಎರಡನೇ ಸಲ ಬೇಡ ಎಂದು ಬಾಯಿಬಿಟ್ಟು ಹೇಳುವ ಗಂಡಸು ಯಾವ ಪಕ್ಷದಲ್ಲಿದ್ದಾನೆ? ಮೂವತ್ತೆರಡು ಜನ ಎದ್ದರು, ಟೋಪಿ ಸರಿಮಾಡಿಕೊಂಡರು, ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ನರಜಂಗ್ ಎಲ್ಲರಿಗಿಂತ ಆಳವಾಗಿ ತಗ್ಗಿಸಿದ.

ಕಿವಿಗೆ ಹೆಡ್‌ಫೋನು ಇದ್ದದ್ದು ಖಿಮಸರಾಗೆ ಮಾತ್ರ. ಮೊದಲು ನೀರು ದಪ್ಪಗೆ ಬೀಳುತ್ತಿತ್ತು. ಇಪ್ಪತ್ತನೇ ಸೆಕೆಂಡಿಗೆ ಸದ್ದು ತೆಳುವಾಯಿತು. ಮೂವತ್ತರ ಹೊತ್ತಿಗೆ ನಲ್ಲಿ ಕೆಮ್ಮಿತು. ಆಮೇಲೆ ಗ್ಳಕ್, ಗ್ಳಕ್, ಗ್ಳಕ್. ಸರಿಯಾಗಿ ನಲವತ್ತೊಂದನೇ ಸೆಕೆಂಡಿಗೆ ಫುಸ್ಸ್ ಅಂತ ಗಾಳಿ ಬಿಟ್ಟು ಸುಮ್ಮನಾಯಿತು. ಉಳಿದ ಹತ್ತೊಂಬತ್ತು ಸೆಕೆಂಡು ಕೇಳಿದ್ದು ಗಾಳಿ, ದೂರದ ಒಂದು ಮೇಕೆ, ಮತ್ತೆ ಯಾರದೋ ದೊಡ್ಡ ಮನುಷ್ಯರ ಹೊಟ್ಟೆಯ ಗುಡುಗು.

ನಿಮಿಷ ಮುಗಿದದ್ದೇ ಕಹಳೆ, ಡೋಲು ಶುರುವಾದವು. ನಲ್ಲಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಕೆಳಗೆ ಶಾಲೆಯ ಅಂಗಳದಲ್ಲಿ ಮೇಕೆ ಮಾಂಸ ಬೇಯುತ್ತಿತ್ತು, ಎಲ್ಲರೂ ಇಳಿದುಹೋದರು.

ಸುನ್‌ಮತಿ ಮುದುಕಿ ಬಂದು, ಆರಿದ ಒಲೆಯ ಮುಂದೆ ಕೆಲಸ ಮುಗಿಸುವವಳಂತೆ, ನಲ್ಲಿಯನ್ನು ತಿರುಗಿಸಿ ಮುಚ್ಚಿದಳು.

"ಬಜೈ, ನೀರು ನಿಂತ್ಹೋಯ್ತು" ಎಂದಳು ಖಿಮಸರಾ. ನಮ್ಮಲ್ಲಿ ಅಜ್ಜಿಯರಿಗೆ ಬಜೈ, ಮಗಳ ವಯಸ್ಸಿನವರಿಗೆ ನಾನಿ ಅನ್ನುವುದು ರೂಢಿ.

"ನಿಲ್ದೆ ಏನ್ ಮಾಡುತ್ತೆ ನಾನಿ? ನಾವು ಹೊತ್ತಿದ್ದು ಅಷ್ಟೇ. ಅವ್ರು ನಲ್ಲಿ ಬಿಟ್ಕೊಂಡೇ ಇಷ್ಟೊತ್ತು ಮಾತಾಡ್ತಾರೆ ಅಂತ ಗೊತ್ತಿದ್ರೆ ಇನ್ನೆರಡು ಕೊಡ ಹೊರ್ತಿದ್ವಿ."

ಮುದುಕಿ ಅವಳನ್ನು ಮನೆಗಳ ಹಿಂದಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದಳು. ಹೊಸ ಸಿಮೆಂಟು, ಮೇಲೆ ಅಧ್ಯಕ್ಷರ ಹೆಸರು. ಟ್ಯಾಂಕಿನಿಂದ ಹೊರಗೆ ಹೋಗುವ ಪೈಪ್ ಇತ್ತು. ಒಳಗೆ ಬರುವ ಪೈಪ್ ಇರಲಿಲ್ಲ. ಹಿಂದಿನ ದಿನ ಹದಿಮೂರು ಮನೆಯ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೆಳಗಿನ ಒರತೆಯಿಂದ ಕೊಡ ಹೊತ್ತು ಅದನ್ನು ತುಂಬಿದ್ದರು. 'ಒಂದು ದಿನದ ಮಟ್ಟಿಗೆ, ಮರ್ಯಾದೆ ಪ್ರಶ್ನೆ' ಎಂದು ಅಧ್ಯಕ್ಷರು ಕೈ ಮುಗಿದಿದ್ದರಂತೆ.

"ಹೂಂ ಅಂದ್ಬಿಟ್ರಾ?"

"ಅವ್ನು ಕೈ ಮುಗ್ದಾಗ ಏನನ್ನೋದು? ನಮ್ಮ ಕಡೆ ಕೈ ಮುಗಿಯೋರು ಐದು ವರ್ಷಕ್ಕೊಂದ್ಸಲ ಬರ್ತಾರೆ. ಆಮೇಲೆ ಒಬ್ಬ ಪುಸ್ತಕ ತಂದ, ಹದಿಮೂರು ಮನೆಗೂ ನೀರು ಬಂತು ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡ. ಇನ್ಮೇಲೆ ನಲ್ಲಿ ಕೇಳೋಕೆ ಆಗಲ್ವಂತೆ. ಕೊಟ್ಟಾಯ್ತಲ್ಲ!" ಎಂದು ಮುದುಕಿ ನಕ್ಕಳು. ಖಿಮಸರಾಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಮ್ಮನ ಮನೆಗೆ ಹೋದಳು. ಅವನು ಜಗುಲಿಯಲ್ಲಿ ಕೂತು, ಪತ್ರಿಕೆಯಲ್ಲಿ ತನ್ನ ಫೋಟೋ ಹುಡುಕುತ್ತ, ಚಹಾ ಕುಡಿಯುತ್ತಿದ್ದ. ಅವಳು ಹೆಡ್‌ಫೋನನ್ನು ಅವನ ಕಿವಿಗೆ ಸಿಕ್ಕಿಸಿ ಆ ನಿಮಿಷವನ್ನು ಕೇಳಿಸಿದಳು. ನಲವತ್ತೊಂದಕ್ಕೆ ಅವನ ಕೈಯ ಲೋಟ ನಿಂತಿತು.

"ಮೂಲ ಇರೋದು ಆರನ್‌ಡಾಂಡಾಕ್ಕಿಂತ ಮೇಲೆ. ಕೆಳಗಿನ ಕೇರಿಗೆ ಹೋಗೋ ಪೈಪು ಅವ್ರ ಅಂಗಳದಲ್ಲೇ ಇಳ್ದು ಬರ್ಬೇಕು. ಸುತ್ತು ಹಾಕ್ಸಿ ಯಾಕೆ ತಂದ್ಯೋ ತಮ್ಮಾ?"

"ನಿಂಗೆ ಗೊತ್ತಿಲ್ವಾ ದಿದಿ?" ಅವನು ದನಿ ತಗ್ಗಿಸಿದ. "ಕೆಳಗಿನ ಟೋಲೆಯವ್ರು ಒಪ್ಪಲ್ಲ. ಮೊದ್ಲು ಆ ಮುಟ್ಟಬಾರದ ಕಮ್ಮಾರ್ರ ನಲ್ಲಿ ಮುಟ್ಟಿ, ಆಮೇಲೆ ನಮ್ಗೆ ಬರೋ ನೀರನ್ನ ಕುಡೀತೀವಾ ಅಂತ ಕೇಳಿದ್ರು. ನಾನೂರು ವೋಟು ಕಣೇ. ಮೇಲಿರೋದು ಮೂವತ್ತೊಂದು."

"ಕಾನೂನು?"

"ಕಾನೂನು ಕಾಠ್ಮಾಂಡುವಲ್ಲಿದೆ. ನಾನಿಲ್ಲಿದ್ದೀನಿ."

"ಮತ್ತೆ ಟ್ಯಾಂಕಿಗೆ ನೀರು ಹೊತ್ತಿದ್ದು ಅದೇ ಹೆಂಗಸ್ರಲ್ವಾ? ನಿನ್ನ ಮೇಯರ್ ಆ ನೀರಲ್ಲೇ ಕೈ ತೊಳೆದ್ರಲ್ಲ. ಕೈ ಉದುರ್ತಾ?"

ನರಜಂಗ್ ಹೆಡ್‌ಫೋನು ತೆಗೆದು ಅವಳ ಮಡಿಲಿಗಿಟ್ಟ. ಅವನ ಮುಖ ಬುಟ್ಟಿಯಲ್ಲಿ ಕೂತು ಹಟ ಮಾಡುತ್ತಿದ್ದ ಹುಡುಗನದೇ ಆಯಿತು. "ಇದನ್ನ ರೇಡಿಯೋದಲ್ಲಿ ಹಾಕ್ಬೇಡ. ಹಾಕಿದ್ರೆ ಈ ತಿಹಾರ್‌ಗೆ ನನ್ನ ಹಣೆ ನಿಂಗೆ ಸಿಗಲ್ಲ. ಹೇಳಿದ್ದೀನಿ."

ಖಿಮಸರಾ ಚಹಾ ಮುಟ್ಟದೆ ಎದ್ದುಬಂದಳು. ದಾರಿಯುದ್ದಕ್ಕೂ ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಎಂದು ಅವಳಿಗೇ ತಿಳಿಯಲಿಲ್ಲ. ಹಾಕಿದರೆ ತಮ್ಮ ಹೋಗುತ್ತಾನೆ. ಹಾಕದಿದ್ದರೆ ಹದಿಮೂರು ಮನೆಯವರು ಕಾಗದದಲ್ಲಿ ನೀರು ಕುಡಿದು, ಗುಡ್ಡದಲ್ಲಿ ಕೊಡ ಹೊರುತ್ತಲೇ ಇರುತ್ತಾರೆ.

ಮ್ಯಾನೇಜರ್ ಪೋಷರಾಜನಿಗೆ ಆ ನಿಮಿಷವನ್ನು ಕೇಳಿಸಿದಾಗ ಅವನು ಬೆವರಿದ. "ಇದ್ರಲ್ಲಿ ಮಾತೇ ಇಲ್ವಲ್ಲ ದಿದಿ. ಒಂದ್ ನಿಮಿಷ ರೇಡಿಯೋ ಸುಮ್ನಿದ್ರೆ ಜನ ಬ್ಯಾಟರಿ ಹೋಯ್ತು ಅಂತ ಸೆಟ್ಟನ್ನ ಕುಟ್ತಾರೆ."

"ಕುಟ್ಲಿ. ನಾನು ಯಾರನ್ನೂ ಬೈಯಲ್ಲ ಸರ್. ಒಂದ್ ಮಾತೂ ಆಡಲ್ಲ. ಮಾತಿಲ್ದೇ ಇರೋದಕ್ಕೆ ಕೇಸು ಹಾಕೋಕಾಗುತ್ತಾ?"

ಪೋಷರಾಜ್ ಕಾನೂನಿನ ಪುಸ್ತಕ ತೆಗೆದು ಅರ್ಧ ದಿನ ಹುಡುಕಿದ. ಸುಮ್ಮನಿರುವುದರ ವಿರುದ್ಧ ಅವನಿಗೆ ಯಾವ ಕಲಮೂ ಸಿಗಲಿಲ್ಲ. ಸಿಕ್ಕಿದ್ದರೆ ಅವನು ಬಹಳ ಸಂತೋಷಪಡುತ್ತಿದ್ದ.

ಆ ಶನಿವಾರ ನರಜಂಗ್‌ನದೇ ಸರದಿ. ಅವನು ಬಂದ. ಚುನಾವಣೆ ಹತ್ತಿರ ಇರುವಾಗ ಅರ್ಧ ಗಂಟೆ ಪುಕ್ಕಟೆ ಮಾತು ಬಿಡುವುದುಂಟೇ? ಜೊತೆಗೆ ಅಕ್ಕ ತನಗಿಂತ ಹೆಚ್ಚಾಗಿ ಯಾವ ನಲ್ಲಿಯನ್ನೂ ಪ್ರೀತಿಸುವುದಿಲ್ಲ ಎಂಬ ಧೈರ್ಯ. ಹೊಸ ಟೋಪಿ ಹಾಕಿಕೊಂಡು ಸ್ಟುಡಿಯೋದ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಏರಿಸಿಕೊಂಡ.

ಕೆಂಪು ದೀಪ ಹತ್ತಿತು. ಖಿಮಸರಾ ಮೈಕಿಗೆ ಬಾಗಿದಳು. "ನಮಸ್ಕಾರ. ಇವತ್ತು ನಾಲ್ಕನೇ ವಾರ್ಡು. ಮಾತಿಗೆ ಮೊದ್ಲು ಎಲ್ಲರೂ ಒಂದು ನಿಮಿಷ ಮೌನವಾಗಿರಬೇಕಾಗಿ ವಿನಂತಿ" ಎಂದು ಗುಂಡಿ ಒತ್ತಿದಳು.

ನರಜಂಗ್ ಅಭ್ಯಾಸಬಲದಿಂದ ಎದ್ದು ನಿಂತ, ಟೋಪಿ ಸರಿಮಾಡಿಕೊಂಡ, ತಲೆ ತಗ್ಗಿಸಿದ. ಗಾಜಿನಾಚೆ ಪೋಷರಾಜನೂ ಎದ್ದ. ಬಜಾರಿನ ಚಹಾದಂಗಡಿಯಲ್ಲಿ ಹನ್ನೆರಡು ಜನ ಲೋಟ ಕೆಳಗಿಟ್ಟು ಎದ್ದರು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವನು ಎದ್ದ. ಯಾರಿಗೆ ಎಂದು ಯಾರೂ ಕೇಳಲಿಲ್ಲ, ನಮ್ಮಲ್ಲಿ ಅದನ್ನು ಕೇಳುವ ಪದ್ಧತಿ ಇಲ್ಲ. ಹೀಗೆ ಇಡೀ ಸಿಮಲ್‌ಬೋಟ್ ಬಜಾರು ನಿಂತುಕೊಂಡು, ತಲೆ ತಗ್ಗಿಸಿ, ಆರನ್‌ಡಾಂಡಾದ ನಲ್ಲಿ ತೆಳುವಾಗಿ, ಕೆಮ್ಮಿ, ಗ್ಳಕ್ ಎಂದು, ಫುಸ್ಸ್ ಎಂದು ಪ್ರಾಣ ಬಿಟ್ಟದ್ದನ್ನು ಕೇಳಿತು.

ನರಜಂಗ್ ಮೂವತ್ತನೇ ಸೆಕೆಂಡಿಗೆ ಗುರುತು ಹಿಡಿದ. ಆದರೆ ಮೌನಾಚರಣೆಯ ನಡುವೆ ಕೂರುವುದು ಹೇಗೆ? ಅರವತ್ತು ಮುಗಿಯುವವರೆಗೂ ನಿಂತೇ ಇದ್ದ. ಅವನ ಕಿವಿ ಕೆಂಪಗಾಗಿತ್ತು.

ಮೊದಲ ಫೋನು ಸುನ್‌ಮತಿಯದು. "ಅಧ್ಯಕ್ಷರೇ, ಅವತ್ತು ನೀವೆಲ್ಲ ತಲೆ ಬಗ್ಸಿ ನಿಂತಾಗ ಯಾರು ಸತ್ರಪ್ಪ ಅಂತ ನಂಗೆ ಗೊತ್ತಾಗಿರ್ಲಿಲ್ಲ. ಸತ್ತಿದ್ದು ನಮ್ಮ ನಲ್ಲೀನಾ? ಹುಟ್ಟಿ ಇನ್ನೂ ಅರ್ಧ ಗಂಟೆ ಆಗಿರ್ಲಿಲ್ವಲ್ಲೋ ಪಾಪ!"

"ಅದು ತಾಂತ್ರಿಕ ತೊಂದರೆ" ಎಂದ ನರಜಂಗ್.

"ತೊಂದ್ರೆ ಅಲ್ಲ, ಪೈಪು. ಒಳಗೆ ಬರೋ ಪೈಪೇ ಇಲ್ಲ" ಎಂದಳು ಮುದುಕಿ.

ನರಜಂಗ್ ದಡಕ್ಕನೆ ಬಾಗಿಲ ಕಡೆ ಹೊರಟ. ಹೆಡ್‌ಫೋನು ತಲೆಯ ಮೇಲೇ ಇದ್ದದ್ದರಿಂದ ವಯರು ಅವನನ್ನು ಕತ್ತು ಹಿಡಿದು ಹಿಂದಕ್ಕೆಳೆಯಿತು. ಖಿಮಸರಾ ಎದ್ದು ಅದನ್ನು ಮೆಲ್ಲಗೆ ಬಿಡಿಸಿದಳು. ಅವನು ಅವಳ ಮುಖ ನೋಡದೆ ಹೋದ.

ಚುನಾವಣೆಯಲ್ಲಿ ಅವನು ಸೋತ ಎಂದುಕೊಂಡಿರಾ? ಗೆದ್ದ. ಹಿಂದಿಗಿಂತ ತೊಂಬತ್ತು ವೋಟು ಹೆಚ್ಚು. ಕೆಳಗಿನ ಟೋಲೆಯವರಿಗೆ ನಿಜವಾಗಿಯೂ ತಮ್ಮ ಪೈಪು ಆರನ್‌ಡಾಂಡಾ ಮುಟ್ಟದೆ ಸುತ್ತಿಬಂದಿದೆ ಎಂದು ಖಚಿತವಾದದ್ದೇ ಆ ಕಾರ್ಯಕ್ರಮದಿಂದ. ನಮ್ಮ ನೀರಿನ ಮಾನ ಕಾಪಾಡಿದ ಎಂದು ಹಾರ ಹಾಕಿದರು. ಖಿಮಸರಾಗೆ ಇದನ್ನು ಕೇಳಿ ಮೈ ಉರಿದುಹೋಯಿತು. ಹದಿನಾಲ್ಕು ವರ್ಷ ಗುಡ್ಡ ಹತ್ತಿ ಇಳಿದು ಮಾಡಿದ್ದೆಲ್ಲ ಇದಕ್ಕಾ ಅನಿಸಿತು. ಎರಡು ದಿನ ಕಾಲುಚೀಲವನ್ನು ಮೈಕಿನಿಂದ ತೆಗೆದು ಗಂಡನಿಗೇ ವಾಪಸು ಕೊಟ್ಟಿದ್ದಳು. ಮೂರನೇ ದಿನ ಕಸಿದುಕೊಂಡಳು.

ನರಜಂಗ್ ಎದ್ದುಹೋದ ಆ ಶನಿವಾರದಿಂದ 'ಹೇಳಿ ಅಧ್ಯಕ್ಷರೇ' ಶುರುವಾಗುತ್ತಿದ್ದದ್ದೇ ಆ ಒಂದು ನಿಮಿಷದಿಂದ. ಯಾವ ವಾರ್ಡಿನ ಸರದಿಯಾದರೂ ಸರಿ, ಮೊದಲು ಆರನ್‌ಡಾಂಡಾದ ನಲ್ಲಿ ಸಾಯಬೇಕು. ನಗರಪಾಲಿಕೆಯಿಂದ ಪೋಷರಾಜನಿಗೆ ಕಾಗದ ಬಂತು, ಇದರಿಂದ ಘೋಷಿತ ವಾರ್ಡಿನ ಮಾನಹಾನಿ ಆಗುತ್ತಿದೆ ಎಂದು.

"ಪ್ರತಿ ವಾರ ಸತ್ತ ನಲ್ಲಿ ಕೇಳ್ಸೋ ರೇಡಿಯೋ ಲೋಕದಲ್ಲಿ ಎಲ್ಲಾದ್ರೂ ಇದ್ಯಾ ದಿದಿ?" ಎಂದು ಅವನು ಕೈ ಹಿಸುಕಿಕೊಂಡ.

"ಸತ್ತ ನಲ್ಲಿಗೆ ಹಾರ ಹಾಕೋ ವಾರ್ಡು ಇದ್ಯಲ್ಲ ಸರ್. ಅದು ನಿಂತ ದಿನ ಇದೂ ನಿಲ್ಲುತ್ತೆ."

ಜನಕ್ಕೆ ಅದು ರೂಢಿಯಾಯಿತು. ಶನಿವಾರ ಏಳಕ್ಕೆ ಚಹಾದಂಗಡಿಯಲ್ಲಿ ಎಲ್ಲರೂ ಎದ್ದು ನಿಂತು, ನಲವತ್ತೊಂದಕ್ಕೆ ಒಕ್ಕೊರಲಿನಿಂದ "ಫುಸ್ಸ್" ಎಂದು ಕೂರತೊಡಗಿದರು. ನರಜಂಗ್ ಬಜಾರಿಗೆ ಬಂದರೆ ಹುಡುಗರು ಬೆನ್ನ ಹಿಂದೆ ಗ್ಳಕ್ ಗ್ಳಕ್ ಅನ್ನುತ್ತಿದ್ದರು. ಅವನು ತಿರುಗಿದರೆ ಎಲ್ಲರೂ ತಲೆ ತಗ್ಗಿಸಿ ಮೌನ. ಅವನ ಐದು ವರ್ಷದ ಮಗಳೇ ಒಂದು ದಿನ ಹಲ್ಲುಜ್ಜುತ್ತ ಬಾಯಿ ಮುಕ್ಕಳಿಸಿ, "ಅಪ್ಪಾ, ನಂದು ಆರನ್‌ಡಾಂಡಾ" ಅಂದಳಂತೆ.

ಊರು ನಗುತ್ತಿತ್ತು. ಖಿಮಸರಾಗೆ ನಗು ಇರಲಿಲ್ಲ. ಆ ನಿಮಿಷ ಹಾಕಿದಾಗೆಲ್ಲ ಅವಳಿಗೆ ಕಾಣುತ್ತಿದ್ದದ್ದು ಬಾಗಿಲ ಕಡೆ ಹೋಗುವ ತಮ್ಮನ ಬೆನ್ನು. ಏಳು ತಿಂಗಳು ಅವನು ಅವಳ ಅಂಗಳ ತುಳಿಯಲಿಲ್ಲ. ದಶೈನ್ ಹಬ್ಬಕ್ಕೂ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಹೊಲಕ್ಕಿಳಿದು ನಡೆದ. ನಾನು ಸರಿ ಮಾಡಿದೆ ಎಂದು ಅವಳಿಗೆ ಗೊತ್ತಿತ್ತು. ಸರಿ ಮಾಡಿದ್ದರಿಂದ ಎದೆ ಹಗುರವಾಗುತ್ತದೆ ಎಂದು ಯಾವ ದಡ್ಡ ಹೇಳಿದನೋ, ಅವಳಿಗಂತೂ ಕಲ್ಲು ಹೊತ್ತಂತೆಯೇ ಇತ್ತು.

ತಿಹಾರ್ ಬಂತು. ಭಾಯಿಟೀಕಾ ದಿನ ಅವಳು ಬೆಳಕು ಹರಿಯುವ ಮೊದಲೇ ಎದ್ದಳು. ತಮ್ಮ ಬರುವುದಿಲ್ಲ ಎಂದು ಗಂಡ ಹೇಳಿದ್ದ. ಆದರೂ ಸೇಲ್ ರೊಟ್ಟಿ ಕರಿದಳು, ಮಖಮಲಿ ಹೂವಿನ ಹಾರ ಕಟ್ಟಿದಳು, ಬಾಗಿಲಲ್ಲಿ ಒಡೆಯಲು ಅಕ್ರೋಟು ತೆಗೆದಿಟ್ಟಳು. ಟೀಕಾ ಆಗುವವರೆಗೆ ಅಕ್ಕನೂ ತಮ್ಮನೂ ಏನೂ ತಿನ್ನುವಂತಿಲ್ಲ. ಅವನು ಬಾರದಿದ್ದರೆ ಇವತ್ತಿಡೀ ಉಪವಾಸವೇ ಇರಬೇಕು ಎಂದುಕೊಂಡಳು.

ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ನರಜಂಗ್ ಬಂದ. ಒಳಗೆ ಬರಲಿಲ್ಲ. ಮೊಣಕಾಲಿನವರೆಗೆ ಕೆಸರು, ಟೋಪಿಯ ಮೇಲೆ ಸಿಮೆಂಟು.

"ಟೀಕಾ ಸಾಮಾನು ಬುಟ್ಟಿಗೆ ಹಾಕ್ಕೋ. ಆ ದರಿದ್ರ ಕಾಲುಚೀಲಾನೂ ತಗೋ. ನಡಿ."

"ಎಲ್ಲಿಗೋ?"

"ನಡಿ ಅಂದ್ನಲ್ಲ."

ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಗುಡ್ಡ ಹತ್ತಿದರು. ಬುಟ್ಟಿ ಅವನ ಬೆನ್ನಿಗೆ. ದಾರಿಯುದ್ದಕ್ಕೂ ಜಗಳ.

"ಮೂವತ್ತು ವಾರ! ಮೂವತ್ತು ವಾರ ನನ್ನ ಕೊಂದೆ ನೀನು!"

"ನಲ್ಲೀನ ನೀನು ಕೊಂದೆ, ನಾನು ಬರೀ ಸುದ್ದಿ ಹೇಳ್ದೆ."

"ಕೆಳಗಿನವ್ರು ನಿನ್ನೆ ಬಂದು ಕೂಗಾಡಿದ್ರು. ಮುಂದಿನ ಸಲ ನಂಗೆ ನನ್ನ ಹೆಂಡ್ತಿ ವೋಟೂ ಬೀಳಲ್ಲ."

"ಯಾಕೆ ಕೂಗಾಡಿದ್ರು? ಏನ್ ಮಾಡ್ದೆ?" ಎಂದು ಖಿಮಸರಾ ನಿಂತುಬಿಟ್ಟಳು. ಅವನು ಬುಟ್ಟಿ ಸರಿಮಾಡಿಕೊಂಡು ಮುಂದೆ ಹೋದ.

ಆರನ್‌ಡಾಂಡಾದಲ್ಲಿ ಹೊಸ ಮಣ್ಣು ಮುಚ್ಚಿದ ಕಾಲುವೆಯೊಂದು ಮೇಲಿನ ಮೂಲದಿಂದ ನೆಟ್ಟಗೆ ಇಳಿದು ಟ್ಯಾಂಕಿಗೆ ಬಂದಿತ್ತು, ಟ್ಯಾಂಕಿನಿಂದ ಕೆಳಗಿನ ಟೋಲೆಯ ಕಡೆ ಹೋಗಿತ್ತು. ಸುತ್ತುಹಾಕಿದ್ದ ಹಳೆಯ ಪೈಪು ಕಿತ್ತು ಬದಿಗೆ ಬಿದ್ದಿತ್ತು. ಇನ್ನು ಕೆಳಗಿನವರು ನೀರು ಕುಡಿಯಬೇಕೆಂದರೆ ಕಮ್ಮಾರರ ನಲ್ಲಿ ದಾಟಿ ಬಂದದ್ದನ್ನೇ ಕುಡಿಯಬೇಕು. ಹಾರವಿಲ್ಲ, ಸೋಫಾ ಇಲ್ಲ, ಘೋಷಣೆ ಇಲ್ಲ. ಸುನ್‌ಮತಿ ಮುದುಕಿ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತು, ಅದು ಓಡಿಹೋದೀತು ಎಂಬಂತೆ ಕಾಯುತ್ತಿದ್ದಳು.

ನರಜಂಗ್ ನಲ್ಲಿ ತಿರುಗಿಸಿದ. ನೀರು ಬಂತು.

"ತಗೋ, ನಿನ್ನ ಒಂದ್ ನಿಮಿಷ" ಎಂದ.

ಖಿಮಸರಾ ಹೆಡ್‌ಫೋನು ಹಾಕಿ ಬಲಗೈ ಎತ್ತಿದಳು. ನರಜಂಗ್ ಟೋಪಿ ಸರಿಮಾಡಿಕೊಂಡು ತಲೆ ತಗ್ಗಿಸಿದ. ಮುದುಕಿಯೂ ಎದ್ದು ನಿಂತಳು. ಇಪ್ಪತ್ತು ಆಯಿತು. ಮೂವತ್ತು ಆಯಿತು. ನಲವತ್ತು. ನಲವತ್ತೊಂದು. ನಲವತ್ತೆರಡು. ನೀರು ಬೀಳುತ್ತಲೇ ಇತ್ತು. ಅರವತ್ತಾದರೂ ಅವಳ ಕೈ ಇಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿ ಗಡಿಯಾರ ಕಾಣುತ್ತಿರಲಿಲ್ಲ.

"ಸಾಕು ಬಿಡು ದಿದಿ, ಮೂರು ನಿಮಿಷ ಆಯ್ತು" ಎಂದ ನರಜಂಗ್. ಅಲ್ಲೇ ಚಪ್ಪಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟೋಪಿ ತೆಗೆದು ಹಣೆ ಒಡ್ಡಿದ.

ಟೀಕಾಕ್ಕೆ ಮೊದಲು ಅವನ ಸುತ್ತ ನೀರಿನ ಗೆರೆ ಎಳೆಯಬೇಕು. ಖಿಮಸರಾ ಬುಟ್ಟಿಯಿಂದ ತಾಮ್ರದ ತಂಬಿಗೆ ತೆಗೆದು ಸುನ್‌ಮತಿಯ ಕಡೆ ಚಾಚಿದಳು. "ತುಂಬಿಸ್ಕೊಡು ಬಜೈ."

ಮುದುಕಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಎಪ್ಪತ್ತು ವರ್ಷದಲ್ಲಿ ಕೆಳಗಿನವರ ತಂಬಿಗೆಯನ್ನು ಅವಳು ಮುಟ್ಟಿರಲಿಲ್ಲ. "ನಾನಾ? ಬೇಡ ನಾನಿ, ಹಬ್ಬದ ದಿನ..." ಎಂದು ನರಜಂಗ್‌ನ ಮುಖ ನೋಡಿದಳು. ಖಿಮಸರಾಳೂ ನೋಡಿದಳು. ಅವಳ ಚಾಚಿದ ಕೈ ಹಾಗೇ ಇತ್ತು.

ನರಜಂಗ್ ಒಂದು ಗಳಿಗೆ ತಂಬಿಗೆಯನ್ನೇ ದಿಟ್ಟಿಸಿದ.

"ಬೇಗ ತುಂಬ್ಸು ಬಜೈ" ಎಂದ. "ಹೊಟ್ಟೆ ಹಸೀತಿದೆ."